ಯುಗಾದಿ ತಪ್ಪಿದ ವರ್ಷ

ತಪ್ಪು ನನ್ನದು ಎಂದು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ಹೊತ್ತಿನಲ್ಲಿ ಹೇಳಲಿಲ್ಲ. ಈಗ ಹೇಳಿದರೆ ಪುಣ್ಯವೇನೂ ಬರುವುದಿಲ್ಲ, ಆದರೂ ಹೇಳುತ್ತೇನೆ.

ನಾನು ಹಾಲೇಶ. ತಾವರಗೇರಾದಿಂದ ಆರು ಕಿಲೋಮೀಟರ್ ಒಳಗಿರುವ ನಮ್ಮೂರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಅದರ ಜೊತೆಗೆ ಒಂಬತ್ತು ವರ್ಷದಿಂದ ಊರಿನ ಯುವಕ ಯುವತಿ ಮಂಡಳಿಯ ಕಾರ್ಯದರ್ಶಿ. ಗಿರಣಿಯಲ್ಲಿ ಯಾರೂ ನನಗೆ ಬಹುವಚನ ಕೊಡುವುದಿಲ್ಲ. ಮಂಡಳಿಯ ರಿಜಿಸ್ಟರ್ ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿದರೆ ಮಾತ್ರ ‘ಸೆಕ್ರೆಟರಿ ಸಾಹೇಬ್ರು ಹೊಂಟ್ರು’ ಎನ್ನುತ್ತಾರೆ. ಚೇಷ್ಟೆಗೇ ಅನ್ನುತ್ತಾರೆ, ಗೊತ್ತು. ಆದರೂ ಆ ಮಾತು ಕಿವಿಗೆ ಬಿದ್ದ ದಿನ ನನಗೆ ಎರಡು ರೊಟ್ಟಿ ಹೆಚ್ಚೇ ಹೋಗುತ್ತವೆ.

ಮಂಡಳಿ ‘ಚಾಲ್ತಿಯಲ್ಲಿದೆ’ ಎನಿಸಿಕೊಳ್ಳಬೇಕಾದರೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಆಗಬೇಕು. ಒಂದು ದಿನ ಶ್ರಮದಾನ ಆಗಬೇಕು. ಕಡಿಮೆ ಎಂದರೆ ಇಪ್ಪತ್ತೈದು ಸದಸ್ಯರು ಖುದ್ದಾಗಿ ಬಂದು ಸಹಿ ಮಾಡಬೇಕು, ಕೊಪ್ಪಳದ ಜಿಲ್ಲಾ ಯುವಜನ ಆಫೀಸಿನಿಂದ ಒಬ್ಬರು ಬಂದು ಅದನ್ನು ಕಣ್ಣಾರೆ ನೋಡಬೇಕು. ನಮ್ಮ ಮಂಡಳಿಯಲ್ಲಿ ಮೂವತ್ತೊಂದು ಜನ. ಅದರಲ್ಲಿ ಊರಲ್ಲಿರುವವರು ಹನ್ನೊಂದೇ. ನನ್ನ ಗೆಳೆಯ ಅಂದಪ್ಪ ಮತ್ತು ಅವನ ಕೈಕೆಳಗಿನ ಹುಡುಗರು, ಒಟ್ಟು ಹನ್ನೆರಡು ಜನ, ಗೋವಾದಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾರೆ. ಅಕ್ಬರ ಮತ್ತು ಇನ್ನು ಮೂವರು ಮಂಗಳೂರಿನ ಮೀನಿನ ಬಂದರಿನಲ್ಲಿದ್ದಾರೆ. ನಾಲ್ಕು ಹುಡುಗಿಯರು ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಾರೆ, ಹೆಸರು ಮಾತ್ರ ಇಲ್ಲಿದೆ.

ಇವರೆಲ್ಲ ಒಟ್ಟಿಗೆ ಸಿಗುವುದು ಯುಗಾದಿಗೆ. ನಮ್ಮ ಕಡೆ ವರ್ಷ ಎಂದರೆ ಯುಗಾದಿಯಿಂದ ಯುಗಾದಿಗೆ. ಹೊಲ ವರ್ಷದ ಗುತ್ತಿಗೆಗೆ, ಲಾವಣಿಗೆ ಕೊಡುವುದು ಅವತ್ತು, ಸಂಬಳಕ್ಕೆ ಆಳು ಇಟ್ಟುಕೊಳ್ಳುವುದು ಅವತ್ತು, ಮುರಿದ ಮಾತು ಕೂಡಿಸುವುದೂ ಅವತ್ತೇ. ಹೀಗಾಗಿ ಮಂಡಳಿ ಕಟ್ಟಿದ ಹಿರಿಯರು ರಿಜಿಸ್ಟರಿನ ಮೊದಲ ಹಾಳೆಯಲ್ಲೇ ‘ಸಂಘದ ವರ್ಷವು ಯುಗಾದಿ ಪಾಡ್ಯದಿಂದ’ ಎಂದು ಬರೆದಿಟ್ಟಿದ್ದರು. ಹಬ್ಬದ ಮರುದಿನ ಮುಂಜಾನೆ ಸರಕಾರಿ ಸಾಲಿ ಮೈದಾನದ ಮುಳ್ಳುಕಂಟಿ ಕಡಿದು, ಸಭೆ ಮಾಡಿ, ಸಹಿ ಹಾಕಿ, ಉಳಿದ ಹೋಳಿಗೆ ತಿಂದು ಎಲ್ಲರೂ ಮತ್ತೆ ಗಾಡಿ ಹತ್ತುತ್ತಿದ್ದರು. ಮೊದಲೆಲ್ಲ ಆಫೀಸಿನಲ್ಲಿ ರಿಜಿಸ್ಟರ್ ನೋಡಿ ಸಿಕ್ಕಾ ಒತ್ತುತ್ತಿದ್ದರು. ಮೂರು ವರ್ಷದ ಹಿಂದೆ ಎಲ್ಲ ಕಂಪ್ಯೂಟರಿಗೆ ಹೋಯಿತು. ಅದಕ್ಕೆ ಯುಗಾದಿ ಗೊತ್ತಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಇನ್ನು ಗುಲ್ಶನಳ ವಿಷಯ. ಗಾದಿ ಹೊಲಿಯುವ ಫಕ್ರುದ್ದೀನ ಚಾಚಾನ ಮಗಳು. ಊರಲ್ಲಿ ಉಳಿದ ಹನ್ನೊಂದು ಜನರಲ್ಲಿ ನಿಜವಾಗಿ ಕೆಲಸ ಮಾಡುವವಳು ಅವಳೊಬ್ಬಳೇ, ನಾವೆಲ್ಲ ಸಹಿ ಮಾಡುವವರು. ಪಿಯುಸಿ ಮುಗಿದ ಮೇಲೆ ದಿನಾ ಸಂಜೆ ಸಾಲಿ ಹುಡುಗಿಯರಿಗೆ ಖೋಖೋ ಹೇಳಿಕೊಡುತ್ತಾಳೆ. ಅವಳು ಸೀಟಿ ಊದಿದರೆ ನನ್ನ ಗಿರಣಿಯ ಸದ್ದಿನಲ್ಲೂ ಕೇಳಿಸುತ್ತದೆ. ಆಫೀಸಿನವರು ವರ್ಷಕ್ಕೆ ತಾಲ್ಲೂಕಿಗೊಬ್ಬರಂತೆ ಆರಿಸಿ ಹನ್ನೊಂದು ತಿಂಗಳು ಹೊರಜಿಲ್ಲೆಯಲ್ಲಿ ಆಟದ ತರಬೇತಿಗೆ ಕಳಿಸುತ್ತಾರೆ, ಅದು ಮುಗಿದರೆ ವಸತಿ ಶಾಲೆಗಳಲ್ಲಿ ಆಟ ಕಲಿಸುವ ಕೆಲಸ ಸಿಗುತ್ತದೆ. ಎರಡೇ ಷರತ್ತು. ಮಂಡಳಿ ಸತತ ಮೂರು ವರ್ಷ ಚಾಲ್ತಿಯಲ್ಲಿರಬೇಕು. ಏಪ್ರಿಲ್ ಒಂದಕ್ಕೆ ಇಪ್ಪತ್ತೊಂದು ತುಂಬಿರಬಾರದು. ಗುಲ್ಶನಳಿಗೆ ಬರುವ ಜೂನಿಗೆ ಇಪ್ಪತ್ತೊಂದು ತುಂಬುತ್ತಿತ್ತು. ಎಂದರೆ ಈ ವರ್ಷ ಹೋದರೆ ಹೋಯಿತು. ಕುಷ್ಟಗಿ ತಾಲ್ಲೂಕಿನಿಂದ ಈ ಸಲ ಅವಳ ಹೆಸರು ಬಿಟ್ಟರೆ ಬೇರೆ ಹೆಸರೇ ಇರಲಿಲ್ಲ. ತಾಯಿ ಬಾನುಬೀ ಆಗಲೇ ಒಂದು ಸೂಟ್‌ಕೇಸಿಗೆ ಹೊಸ ಬೀಗ ತಂದಿಟ್ಟಿದ್ದಳು.

ಮಾರ್ಚ್ ಹತ್ತೊಂಬತ್ತಕ್ಕೆ ನಾನೂ ಗುಲ್ಶನಳೂ ಅರ್ಜಿ ಕೊಡಲು ಕೊಪ್ಪಳಕ್ಕೆ ಹೋದೆವು. ಅವಳು ರಂಜಾನಿನ ರೋಜಾ ಇದ್ದಳು. ಬಿಸಿಲಿಗೆ ಬಳಲಿ ಹೊರಗಿನ ಬೆಂಚಿನ ಮೇಲೆ ಕೂತಳು, ನಾನು ಒಳಗೆ ಹೋದೆ. ಅಧಿಕಾರಿ ಶಾಂಭವಿ ಮೇಡಂ ಗಂಗಾವತಿ ಕಡೆಯವರು, ಒಳ್ಳೆಯ ಹೆಣ್ಣುಮಗಳು. ಅರ್ಜಿ ನೋಡಿ ಖುಷಿಪಟ್ಟರು, ಕಂಪ್ಯೂಟರ್ ಕಡೆ ತಿರುಗಿ ಮಂಡಳಿಯ ಹೆಸರು ಹುಡುಕಿದರು.

“ಹಾಲೇಶ ಅವರ, ಇಲ್ಲೆ ಈ ವರ್ಷದ ಸಭಾನ ಇಲ್ಲಲ್ರಿ?”

“ಅದ್ಹೆಂಗ್ರಿ ಮೇಡಂ? ಪ್ರತಿ ಯುಗಾದಿಗೂ ಮಾಡೀವಿ. ನೀವ ಬಂದಿದ್ರಿ.”

“ಬಂದಿದ್ದೆ. ಇಪ್ಪತ್ತೆರಡನೇ ಇಸ್ವಿ ಏಪ್ರಿಲ್ ಮೂರಕ್ಕ ಒಂದು. ಇಪ್ಪತ್ಮೂರನೇ ಇಸ್ವಿ ಮಾರ್ಚ್ ಇಪ್ಪತ್ಮೂರಕ್ಕ ಇನ್ನೊಂದು. ನಮ್ಮ ವರ್ಷ ಏಪ್ರಿಲ್ ಒಂದರಿಂದ ಮಾರ್ಚ್ ಮೂವತ್ತೊಂದರ ತನಕ. ನಿಮ್ಮವು ಎರಡೂ ಒಂದ ವರ್ಷದಾಗ ಬಿದ್ದಾವ. ಮುಂದಿನ ಯುಗಾದಿ ಯಾವತ್ತೈತಿ?”

ಗೋಡೆಯ ಕ್ಯಾಲೆಂಡರ್ ಕಡೆ ನೋಡಿದೆ. ಏಪ್ರಿಲ್ ಒಂಬತ್ತು. ಹೋದ ಶ್ರಾವಣದಲ್ಲಿ ಅಧಿಕ ಮಾಸ ಬಂದಿತ್ತಲ್ಲ, ಊರ ಅಳಿಯಂದಿರೆಲ್ಲ ಕರೆಸಿಕೊಂಡು ಹೋಳಿಗೆ ತಿಂದು ಹೋಗಿದ್ದರು. ಆ ಹೆಚ್ಚಿನ ತಿಂಗಳು ಯುಗಾದಿಯನ್ನು ಮಾರ್ಚಿನಿಂದ ಆಚೆ ತಳ್ಳಿಬಿಟ್ಟಿತ್ತು. ಆಫೀಸಿನ ಒಂದು ಇಡೀ ವರ್ಷ ಯುಗಾದಿಯೇ ಇಲ್ಲದೆ ಮುಗಿಯುತ್ತಿತ್ತು. ನಾನು ಮೂರು ಯುಗಾದಿಗೆ ಮೂರು ವರ್ಷ ಎಂದು ಬೆರಳು ಮಡಚಿಕೊಂಡು ಕೂತಿದ್ದೆ.

“ಒಂದು ವರ್ಷಕ್ಕ ಎರಡು ಆಗ್ಯಾವಲ್ರಿ ಮೇಡಂ, ಹೆಚ್ಚಾದದ್ದನ್ನ ಈ ವರ್ಷಕ್ಕ ಹಾಕ್ರಿ. ಎಂಟೊಂಬತ್ತು ದಿನದ ಫರಕ ಅಷ್ಟ.”

“ನಾ ಹಾಕಿದ್ರ ಇದು ಒಪ್ಪಬೇಕಲ್ರಿ?” ಎಂದು ಅವರು ನನ್ನೆದುರಿಗೇ ತಾರೀಖು ತಿದ್ದಿ ನೋಡಿದರು. ಕೆಂಪು ಅಕ್ಷರ ಬಂತು. ಇನ್ನೊಂದು ಸಲ ನೋಡಿದರು. ಮತ್ತೆ ಕೆಂಪು. ಅವರ ಮುಖ ನನ್ನದಕ್ಕಿಂತ ಸಣ್ಣದಾಗಿತ್ತು. ಅವರ ಮೇಲೆ ಸಿಟ್ಟು ಮಾಡಲೂ ಆಗದಂತಾಯಿತು, ಅದೇ ದೊಡ್ಡ ಸಂಕಟ.

ಕೊನೆಗೆ ಅವರೇ ದಾರಿ ಹೇಳಿದರು. “ಇನ್ನ ಹನ್ನೆರಡು ದಿನ ಅದಾವ. ಇಪ್ಪತ್ತೈದು ಮಂದಿ ಕೂಡಸ್ರಿ. ಎಲೆಕ್ಷನ್ ಐತಿ, ಮಂದಿ ಕೂಡಾಕ ಪರವಾನಗಿ ಬೇಕು, ಅದನ್ನ ನಾ ತರ್ತೀನಿ. ಮೂವತ್ತನೇ ತಾರೀಖು ಶನಿವಾರ ನಾನ ಬರ್ತೀನಿ. ಆದ್ರ ಖುದ್ದ ಮಂದಿ ಇರಬೇಕ್ರಿ, ಆಧಾರ್ ತೊಗೊಂಡು. ಫೋನಿನ್ಯಾಗ ಹೂಂ ಅಂದ್ರ ನಡಿಯಂಗಿಲ್ಲ.”

ಹೊರಗೆ ಬಂದೆ. ಗುಲ್ಶನ ಎದ್ದು ನಿಂತಳು. “ಏನಂದ್ರು ಅಣ್ಣ?”

ಇಲ್ಲಿಯೇ ನಾನು ಮೊದಲ ಸುಳ್ಳು ಹೇಳಿದ್ದು. “ಆಫೀಸಿನವರು ಹೊಸ ಕಾನೂನು ಮಾಡ್ಯಾರವ್ವ. ಯುಗಾದಿ ತನಕ ಕಾಯಂಗಿಲ್ಲಂತ, ಈ ತಿಂಗಳದಾಗ ಇನ್ನೊಂದು ಸಭಾ ಆಗಬೇಕಂತ.” ತಪ್ಪು ಲೆಕ್ಕ ಹಾಕಿದ್ದು ನಾನು ಎನ್ನಲು ನಾಲಿಗೆ ಏಳಲಿಲ್ಲ. ಒಂಬತ್ತು ವರ್ಷ ಊರಿನವರ ತಪ್ಪು ಅರ್ಜಿಗಳನ್ನು ನೋಡಿ ನಕ್ಕವನು ನಾನು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ನೋಡುತ್ತ ಲೆಕ್ಕ ಹಾಕಿದಳು. “ಮಂಗಳೂರಿನವರು ಬರಂಗಿಲ್ಲ ಅಣ್ಣ, ಈದಿಗೆ ಅಂತ ಸೂಟಿ ಉಳಿಸಿಕೊಂಡಾರ. ನಾವು ಊರಾಗ ಹನ್ನೊಂದು. ಅಂದಪ್ಪಣ್ಣನ ಗ್ಯಾಂಗ್ ಬಂದ್ರ ಇಪ್ಪತ್ಮೂರು. ಇನ್ನ ಎರಡು ಬೇಕು. ಯಲಬುರ್ಗಾದಾಗ ಶಿವಲೀಲಾ ಅದಾಳ, ಹಿಟ್ನಾಳದಾಗ ನಿಶಾತ ಅದಾಳ. ಅವರನ್ನ ನಾ ಕರಕೊಂಡು ಬರ್ತೀನಿ. ಗೋವಾದವರಿಗೆ ನೀ ಫೋನ್ ಮಾಡು. ಹುಡುಗರಿಗೆ ನಾ ಫೋನ್ ಮಾಡೋದು ಛಂದ ಕಾಣಂಗಿಲ್ಲ.” ಆಮೇಲೆ ನನ್ನ ಕಡೆ ತಿರುಗಿ ಅಂದಳು, “ನನ್ನ ಸಲುವಾಗಿ ಅಂತ ಹೇಳು. ನಾಚಿಕೆ ಏನಿಲ್ಲ ನನಗ. ಗುಲ್ಶನ ಕೈಮುಗದು ಕೇಳ್ಯಾಳ ಅಂತ ಹೇಳು.”

“ಹೇಳ್ತೀನಿ ಬಿಡವ್ವ,” ಎಂದೆ.

ಹೇಳಲಿಲ್ಲ.

ಅಂದಪ್ಪನಿಗೆ ಅವತ್ತೇ ಸಂಜೆ ಫೋನ್ ಮಾಡಿದೆ. ಚಿಕ್ಕಂದಿನ ಗೆಳೆಯ, ನನಗಿಂತ ಎರಡು ವರ್ಷ ಸಣ್ಣವನು. ಗುಲ್ಶನಳ ಹೆಸರು ತುದಿನಾಲಿಗೆಗೆ ಬಂತು. ಬಂದ ಕೂಡಲೇ ಅದರ ಹಿಂದಿನ ಪ್ರಶ್ನೆಯೂ ಕಾಣಿಸಿತು: ಆ ಹುಡುಗಿಯದು ಯಾಕ ತಪ್ಪತೈತಿ, ನೀ ಏನ ಮಾಡಾಕತ್ತಿದ್ದಿ? ಅದಕ್ಕೆ ಉತ್ತರ ಕೊಡುವ ಧೈರ್ಯ ನನಗಿರಲಿಲ್ಲ. ಅದಕ್ಕೇ ಜಂಬದಿಂದ ಮಾತಾಡಿದೆ. “ಲೇ, ಆಫೀಸಿನವರು ಹೊಸ ಕಾನೂನು ಮಾಡ್ಯಾರ. ಮೂವತ್ತಕ್ಕ ಸಭಾ ಐತಿ. ಎಲ್ಲಾರೂ ಬರ್ರಿ. ಇಲ್ಲಂದ್ರ ಮಂಡಳಿ ಬಂದ್ ಮಾಡ್ತಾರಂತ.”

ಅಂದಪ್ಪ ನಕ್ಕ. “ಹತ್ತು ದಿನಕ್ಕ ಯುಗಾದಿ ಬಂತಲ್ಲೋ ಮಾರಾಯಾ. ಎರಡು ಸಲ ಸೂಟಿ ಕೊಡು ಅಂದ್ರ ಮೇಸ್ತ್ರಿ ಕರಣಿ ತೊಗೊಂಡು ಹೊಡೀತಾನ. ಅವರಿಗೇನು, ವರ್ಷಾ ಒಂದೊಂದು ಕಾನೂನು ತರ್ತಾರ. ಬಂದ್ ಮಾಡಿದ್ರ ಮಾಡ್ಲಿ ಬಿಡು, ಹೊಸಾದು ಕಟ್ಟೂಣಂತ.”

ಹೇಗೆ ಕಟ್ಟುವುದು? ಹೊಸದು ಕಟ್ಟಿದರೆ ಒಂದರಿಂದ ಎಣಿಕೆ. ಆ ಮಾತನ್ನೂ ಹೇಳಲಿಲ್ಲ. ಮರುದಿನ ಮತ್ತೆ ಮಾಡಿದೆ, ಅದರ ಮರುದಿನವೂ ಮಾಡಿದೆ. ಹುಡುಗರಿಗೆ ಒಬ್ಬೊಬ್ಬರಿಗೇ ಮಾಡಿದೆ. “ಅಂದಪ್ಪಣ್ಣ ಬಂದ್ರ ಬರ್ತೀವಿ” ಎಂದರು ಎಲ್ಲರೂ. ಕಾಡಿ ಬೇಡಿದ ಮೇಲೆ ಇಪ್ಪತ್ತಾರಕ್ಕೆ ಅಂದಪ್ಪ ಒಪ್ಪಿದ. “ಆತು ಬಿಡು. ನಿನ್ನ ಸೆಕ್ರೆಟರಿಗಿರಿ ಉಳಿಸ್ತೀವಿ. ಶುಕ್ರವಾರ ಗಾಡಿ ಹತ್ತತೀವಿ.”

ಈ ಕಡೆ ಗುಲ್ಶನ ಬಿಸಿಲಲ್ಲಿ ರೋಜಾ ಇದ್ದುಕೊಂಡೇ ಬಸ್ಸು ಬದಲಿಸಿ ಬದಲಿಸಿ ಅಲೆದಳು. ಯಲಬುರ್ಗಾದಲ್ಲಿ ಶಿವಲೀಲಾಳ ಅತ್ತೆ ಪಂಪಾವತಿ, “ಯುಗಾದಿಗೆ ಕಳಸ್ತೀವಿ, ಈಗ್ಯಾಕ?” ಎಂದು ಬಾಗಿಲಲ್ಲೇ ನಿಲ್ಲಿಸಿದಳಂತೆ. ಗುಲ್ಶನ ಆ ಮನೆಯ ಕಟ್ಟೆಯ ಮೇಲೆ ಮೂರು ತಾಸು ಕೂತಳು. ಕೂತವಳು ಸುಮ್ಮನೆ ಕೂಡಲಿಲ್ಲ, ಪಂಪಾವತಿ ಹಸನು ಮಾಡುತ್ತಿದ್ದ ಹುಣಸೆಹಣ್ಣಿನ ರಾಶಿಗೆ ಕೈ ಹಚ್ಚಿದಳು. ಸಂಜೆಗೆ ಮುದುಕಿ ಸೋತು, “ಒಂದ ದಿನಾ ನೋಡವಾ” ಎಂದಳಂತೆ. ಹಿಟ್ನಾಳದ ನಿಶಾತಳನ್ನೂ ಹಾಗೆಯೇ ಗೆದ್ದು ಬಂದಳು. ಎರಡೂ ಊರಿನ ಸುದ್ದಿಯನ್ನು ನನ್ನ ಗಿರಣಿಯ ಮುಂದೆ ನಿಂತು ನಗುನಗುತ್ತ ಹೇಳಿದಳು. ತುಟಿಗಳು ಒಣಗಿ ಬಿರಿದಿದ್ದವು.

“ಇಪ್ಪತ್ತೈದಾತಲ್ಲ ಅಣ್ಣ, ಸರಿಯಾಗಿ ಇಪ್ಪತ್ತೈದು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮಿಲ್ಲ.”

ಹಿಟ್ಟು ಬಡಿದ ಮುಖದಲ್ಲಿ ನಾನೂ ನಕ್ಕೆ. ಅವಳು ಎಷ್ಟು ಮಾಡಿದ್ದಳೋ ಅಷ್ಟು ನಾನೂ ಮಾಡಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಶುಕ್ರವಾರ ಮಧ್ಯಾಹ್ನ ಅಂದಪ್ಪನ ಫೋನ್ ಬಂತು. ಹಿಂದೆ ಕಾಂಕ್ರೀಟ್ ಮಿಕ್ಸರಿನ ಗರಗರ ಸದ್ದು. “ಹಾಲೇಶ, ಆಗಂಗಿಲ್ಲಪಾ. ನಾಳೆ ಸ್ಲ್ಯಾಬ್ ಹಾಕೋದು ಐತಿ. ಸೋಮವಾರ ಇತ್ತು, ಎರಡು ದಿನ ಮೊದಲ ಇಟ್ಟಾರ. ಸುರು ಮಾಡಿದ್ರ ನಡಕ ಬಿಡಾಕ ಬರಂಗಿಲ್ಲ, ನಿನಗೂ ಗೊತ್ತೈತಿ. ಯುಗಾದಿಗೆ ಬರ್ತೀವಲ್ಲ, ಎರಡು ಸಹಿ ಮಾಡ್ತೀವಿ ತೊಗೋ.”

ಆಗಲಾದರೂ ಹೇಳಬಹುದಿತ್ತು. ಬಾಯಿ ತೆರೆದೆ. ಹತ್ತು ದಿನ ಒಂದು ಹೇಳಿ ಈಗ ಇನ್ನೊಂದು ಹೇಳಿದರೆ ಏನಂದುಕೊಂಡಾನು? “ನೋಡಪಾ, ಆದ್ರ ಬರ್ರಿ,” ಎಂದು ಫೋನಿಟ್ಟೆ. ನನ್ನಂಥ ಹೇಡಿ ಕುಷ್ಟಗಿ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಾರ.

ಶನಿವಾರ ಹನ್ನೊಂದಕ್ಕೆ ಶಾಂಭವಿ ಮೇಡಂ ಬಂದರು. ಎಲೆಕ್ಷನ್ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದಿದ್ದರು. ಸಾಲಿ ವರಾಂಡದಲ್ಲಿ ಹದಿಮೂರು ಜನ. ಶಿವಲೀಲಾ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ನಿಶಾತ ಗೋಡೆಗೆ ಒರಗಿ ನಿದ್ದೆ ಮಾಡುತ್ತಿದ್ದಳು. ಗುಲ್ಶನ ಮೈದಾನದ ಗೇಟಿನ ಹತ್ತಿರ ನಿಂತಿದ್ದಳು, ಅಲ್ಲಿಂದ ತಾವರಗೇರಾದ ರಸ್ತೆ ಕಾಣುತ್ತದೆ. ಒಂದು ಟಂಟಂ ಬಂತು, ಅದರಲ್ಲಿ ಗೊಬ್ಬರದ ಚೀಲಗಳಿದ್ದವು. ಒಂದು ಬಸ್ಸು ಬಂತು, ಇಬ್ಬರು ಮುದುಕರು ಇಳಿದರು. ಗೋವಾದವರು ಬರುವುದಿಲ್ಲ ಎಂದು ನನಗೆ ಹಿಂದಿನ ದಿನವೇ ಗೊತ್ತಿತ್ತು. ಅವಳಿಗೆ ಹೇಳಿರಲಿಲ್ಲ. ಯಾವ ಮುಖ ಹೊತ್ತು ಹೇಳಲಿ?

ಮೇಡಂ ಮೂರು ಗಂಟೆಯ ತನಕ ಕಾದರು. ಎರಡು ಸಲ ಫೋನ್ ಬಂದರೂ “ಇನ್ನ ಹತ್ತು ನಿಮಿಷ” ಎಂದರು. ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಅಂದರು, “ವರ್ಷದ ನಡುವ ಒಂದ ಸಲ ತಾರೀಖು ನೋಡಿದ್ರ ಆಗ್ತಿತ್ತಲ್ರಿ ಹಾಲೇಶ ಅವರ. ನನ್ನ ಕೈಯಾಗ ಇದ್ರ ಈ ಹುಡುಗಿಗೆ ನಾ ಹಿಂಗ ಮಾಡ್ತಿದ್ನೇನ್ರಿ?” ಹದಿಮೂರು ಎಂದು ಬರೆದು, ಗುಲ್ಶನಳ ತಲೆಯ ಮೇಲೆ ಕೈಯಿಟ್ಟು ಗಾಡಿ ಹತ್ತಿದರು.

ಎಲ್ಲರೂ ಹೋದ ಮೇಲೆ ಗುಲ್ಶನ ಚಾಪೆ ಸುತ್ತುತ್ತಿದ್ದಳು. ಸುತ್ತುತ್ತಲೇ ಕೇಳಿದಳು. “ನನ್ನ ಸಲುವಾಗಿ ಅಂತ ಹೇಳಿದ್ದಿಲ್ಲೇನಣ್ಣ?”

“ಹೇಳಿದ್ದೆ.”

“ಅಂದ್ರೂ ಬರಲಿಲ್ಲ.”

“ಹೂಂ.”

ಅವಳು ಚಾಪೆಯನ್ನು ಗೋಡೆಗೆ ನಿಲ್ಲಿಸಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೇನೋ. ಮರುದಿನದಿಂದ ಸಂಜೆ ಸೀಟಿಯ ಸದ್ದು ಕೇಳಿಸಲಿಲ್ಲ. ಖೋಖೋ ಹುಡುಗಿಯರು ಎರಡು ದಿನ ಮೈದಾನಕ್ಕೆ ಬಂದು ನಿಂತು ನೋಡಿ ಹೋದರು.

ಯುಗಾದಿ ಏಪ್ರಿಲ್ ಒಂಬತ್ತಕ್ಕೆ ಬಂತು, ಈದ್ ಹನ್ನೊಂದಕ್ಕೆ. ನಡುವಿನ ಬುಧವಾರ ಊರು ಕಿಕ್ಕಿರಿದಿತ್ತು. ಗೋವಾದವರು ಬಂದರು, ಮಂಗಳೂರಿನ ಅಕ್ಬರ ಮತ್ತು ಅವನ ಜೊತೆಗಾರರು ಬಂದರು, ಗಂಡನ ಮನೆಗೆ ಹೋದ ನಾಲ್ವರೂ ಬಂದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಮೂವತ್ತೊಂದಕ್ಕೆ ಮೂವತ್ತೊಂದೂ ಜನ ಸಾಲಿ ಮೈದಾನದಲ್ಲಿದ್ದರು. ಮುಳ್ಳುಕಂಟಿ ಕಡಿದಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಿತ್ತು ಆ ಸಭೆ.

ಗುಲ್ಶನ ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. ಹುಡುಗರ ಕಡೆ ತಿರುಗಿ ಸಹ ನೋಡದೆ ಹೆಣ್ಣುಮಕ್ಕಳ ಪಕ್ಕ ಹೋಗಿ ನಿಂತಳು. ಅಂದಪ್ಪ ಕುಡಗೋಲು ಕೆಳಗಿಟ್ಟು ಹಣೆಯ ಬೆವರು ಒರೆಸಿಕೊಂಡು ನನ್ನ ಬೆನ್ನಿಗೊಂದು ಗುದ್ದಿದ. “ತೊಗೋ ನಿನ್ನ ಇಪ್ಪತ್ತೈದು. ಆರು ಮ್ಯಾಲೆ ಬಡ್ಡಿ.” ಎಲ್ಲರೂ ನಕ್ಕರು. ಆಮೇಲೆ ಅವನು ಆ ಕಡೆ ತಿರುಗಿ ಕೇಳಿದ, “ಏನವಾ ಗುಲ್ಶನ, ಟ್ರೇನಿಂಗಿಗೆ ಯಾವಾಗ ಹೊಂಟಿ? ನಮ್ಮೂರ ಹೆಸರು ಹೇಳಬೇಕ ನೋಡು ಅಲ್ಲೆ.”

ಗುಲ್ಶನಳ ಮುಖ ಕೆಂಪಾಯಿತು. “ನೀವು ಬಂದಿದ್ರ ಹೊಂಟಿದ್ದೆ ಅಂದಪ್ಪಣ್ಣ.”

“ಎಲ್ಲಿಗೆ ಬಂದಿದ್ರ?”

“ಮೂವತ್ತನೇ ತಾರೀಖು. ಇಪ್ಪತ್ತೈದು ಮಂದಿ ಆಗಿದ್ರ ನಂದು ಆಗ್ತಿತ್ತು. ಆಗಲಿಲ್ಲ, ಮುಗೀತು. ಮುಂದಿನ ವರ್ಷ ನನಗ ವಯಸ್ಸು ದಾಟತೈತಿ.”

ಅಂದಪ್ಪ ನನ್ನ ಕಡೆ ನೋಡಿದ, ಅವಳ ಕಡೆ ನೋಡಿದ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನ ದನಿ ಇಳಿಯಿತು. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಹಾಲೇಶ, ಈ ಹುಡುಗೀದು ಅಂತ ನೀ ಯಾವಾಗ ಹೇಳಿದಿ? ಆಫೀಸಿನವರ ಕಾನೂನು ಅಂದಿ. ಮಂಡಳಿ ಬಂದ್ ಆಗತೈತಿ ಅಂದಿ. ಗುಲ್ಶನಂದು ಅಂತ ಒಂದ ಒಂದು ಮಾತು ಅಂದಿದ್ರ ಆ ಸ್ಲ್ಯಾಬ್ ಸುಡುಗಾಡಿಗೆ ಹೋಗ್ಲಿ ಅಂತ ಎದ್ದು ಬರ್ತಿದ್ವಿ.”

ನಿಜವಾಗಿ ಬರುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ಇನ್ನು ಯಾರೂ ತಿಳಿಯಲಾರರು. ತಿಳಿಯುವ ದಾರಿಯನ್ನು ನಾನೇ ಮುಚ್ಚಿದ್ದೆ. ಗುಲ್ಶನ ಈಗ ನನ್ನ ಕಡೆ ನೋಡುತ್ತಿದ್ದಳು. ನಾನು ಒಂದು ಮಾತು ಹೇಳಲಿ ಎಂದು ಕಾಯುತ್ತಿದ್ದಳು. ಸುಳ್ಳಾದರೂ ಸರಿ, ಒಂದು ಮಾತು. ನನಗೆ ರಿಜಿಸ್ಟರಿನ ಹಾಳೆ ತಿರುವುವುದೊಂದೇ ತೋಚಿತು.

ಅವಳು ಅಂದಪ್ಪನ ಹತ್ತಿರ ಬಂದು ನಿಂತಳು. “ತಪ್ಪಾತು ಅಂದಪ್ಪಣ್ಣ. ಹತ್ತು ದಿನದಿಂದ ನಿಮ್ಮನ್ನೆಲ್ಲಾ ಮನಸಿನ್ಯಾಗ ಭಾಳ ಬೈದೀನಿ. ನನ್ನ ಸಲುವಾಗಿ ಯಾರೂ ಬರಲಿಲ್ಲ ಅನಕೊಂಡಿದ್ದೆ. ಮನಸಿಗೆ ಹಚಗೋಬ್ಯಾಡ್ರಿ.”

ಅಷ್ಟು ಹೇಳಿ ರಿಜಿಸ್ಟರ್ ತೆಗೆದುಕೊಂಡಳು, ಹೊಸ ವರ್ಷದ ಮೊದಲ ಸಾಲಿನಲ್ಲಿ ತನ್ನ ಹೆಸರು ಬರೆದು ಸಹಿ ಮಾಡಿದಳು. ಪೆನ್ನನ್ನು ನನ್ನ ಕೈಗೆ ಕೊಡಲಿಲ್ಲ, ಪಕ್ಕದಲ್ಲಿದ್ದ ಶಿವಲೀಲಾಳಿಗೆ ಕೊಟ್ಟಳು. ಸಹಿಗಾಗಿ ಇನ್ನು ಮೂವತ್ತು ಹೆಸರು ನಾನು ಕೂಗಬೇಕಿತ್ತು.